ಆಮರಣ ವಾಸದ ವಿಳಾಸ

ಕಾಶಿಯಲ್ಲಿ ಯಾವ ಮೊಹಲ್ಲಾದಲ್ಲಿ ಮನೆ ಮಾಡಿದರೆ ಮಕ್ಕಳಿಗೆ ವಿದ್ಯೆ ಹತ್ತುತ್ತದೆ ಎಂಬ ವಿಷಯದಲ್ಲಿ ಸುಬ್ರಹ್ಮಣ್ಯನನ್ನು ಮೀರಿಸುವ ಪಂಡಿತ ಇರಲಿಲ್ಲ. ಅವನ ಸ್ವಂತ ಮಕ್ಕಳಿಬ್ಬರು ಇನ್ನೂ ಯಾವ ಶಾಲೆಯ ಹೊಸ್ತಿಲನ್ನೂ ತುಳಿದಿರಲಿಲ್ಲ ಎಂಬುದು ಬೇರೆ ಮಾತು. ಪಂಡಿತರಿಗೆ ಅಂಥ ಸಣ್ಣಪುಟ್ಟ ಕೆಲಸಗಳಿಗೆ ಬಿಡುವಿರುವುದಿಲ್ಲ.

ಅವನು ಚೌಕಿನ ಒಬ್ಬ ರೇಷ್ಮೆ ಸೇಠನ ಗದ್ದಿಯಲ್ಲಿ, ಎಂದರೆ ಅಂಗಡಿಯಲ್ಲಿ, ಗುಮಾಸ್ತ. ಬೆಂಗಳೂರು, ಮೈಸೂರು, ದಾವಣಗೆರೆಗಳ ಸೀರೆ ಅಂಗಡಿಗಳಿಗೆ ಕನ್ನಡದಲ್ಲಿ ಕಾಗದ ಬರೆಯುವುದು ಅವನ ಉದ್ಯೋಗ. ಗದ್ದಿಯ ಹಿಂದಿನ ಗಲ್ಲಿಯಲ್ಲೇ ಒಂದು ಕೋಣೆಯ ಸಂಸಾರ. ಎರಡು ವರ್ಷದ ಭಾನುವಾರಗಳನ್ನೆಲ್ಲ ಸುರಿದು ಅವನೊಂದು ನೋಟ್‌ಬುಕ್ಕು ತಯಾರಿಸಿದ್ದ. ಮೊಹಲ್ಲಾಕ್ಕೊಂದು ಪುಟ. ಮನೆಯಿಂದ ಶಾಲೆಗೆ ಎಷ್ಟು ಹೆಜ್ಜೆ, ದಾರಿಯಲ್ಲಿ ಎಷ್ಟು ಪಾನಿನ ಅಂಗಡಿ, ಎಷ್ಟು ಗೂಳಿ, ಗೂಳಿಗಳ ಸ್ವಭಾವ ಎಂಥದು, ಎಲ್ಲವೂ ಅದರಲ್ಲಿತ್ತು. 'ಸೋನಾರಪುರ: ಗೂಳಿ ಮೂರು, ಒಂದು ಸಿಡುಕಿನದು. ಮೇಷ್ಟ್ರು ಐದು, ಮೂರು ಸಿಡುಕಿನವು' ಎಂಬಂಥ ಖಚಿತ ವಿವರಗಳು. ಈ ನೋಟ್‌ಬುಕ್ಕನ್ನು ನೋಡಿ ಮನೆ ಬದಲಾಯಿಸಿದ ಎರಡು ಸಂಸಾರಗಳ ಮಕ್ಕಳು ಆಗಲೇ ಮೂರನೇ ಕ್ಲಾಸಿನಲ್ಲಿದ್ದರು.

ಇತ್ತ ಅವನ ಮಗಳು ಆರು ವರ್ಷದ ವಸುಮತಿ, ತರಕಾರಿಯವಳ ಜೊತೆ ಭೋಜಪುರಿಯಲ್ಲಿ ಚೌಕಾಸಿ ಮಾಡಿ ಗೆಲ್ಲುವಷ್ಟು ಕಲಿತಿದ್ದಳು. ಮಗ ಸೋಮು, ಐದು ತುಂಬಿದವನು, ಗಲ್ಲಿಯ ಪೈಲ್ವಾನರನ್ನು ಕೇಳಿ ಕೇಳಿ ಅಪ್ಪನನ್ನೇ 'ಕಾ ಗುರೂ!', ಏನ್ ಗುರೂ, ಎಂದು ಕರೆಯತೊಡಗಿದ್ದ. ಹೆಂಡತಿ ಮೂಕಾಂಬಿಕಾ ಇದನ್ನು ತೌರಿಗೆ ಬರೆದಳು. ಬರೆಯಬಾರದಿತ್ತು. ಅವಳ ತಂದೆ ಲಕ್ಷ್ಮೀನರಸಯ್ಯನವರು ತಿಪಟೂರಿನಲ್ಲಿ ನಲವತ್ತು ವರ್ಷ ಮೇಷ್ಟ್ರಾಗಿ, ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಒಂಟಿಯಾಗಿದ್ದವರು. ಮರುಟಪಾಲಿಗೇ ಉತ್ತರ ಬಂತು.

'ಚಿ. ಸುಬ್ರಹ್ಮಣ್ಯನಿಗೆ ಆಶೀರ್ವಾದಗಳು. ಈ ಜುಲೈ ಮುಗಿಯುವುದರೊಳಗೆ ಮಕ್ಕಳು ಒಳ್ಳೆಯ ಶಾಲೆಗೆ ಸೇರಿರದಿದ್ದರೆ ನಾನೇ ಬಂದು ಮಗಳನ್ನೂ ಮೊಮ್ಮಕ್ಕಳನ್ನೂ ತಿಪಟೂರಿಗೆ ಕರೆತರುವೆನು. ನೀನು ಅಲ್ಲಿಯೇ ಇದ್ದು ಸೀರೆಗಳಿಗೆ ಕಾಗದ ಬರೆಯುತ್ತಿರಬಹುದು.'

ಸುಬ್ರಹ್ಮಣ್ಯ ಕಾಗದವನ್ನು ಮಡಿಸಿ ನೋಟ್‌ಬುಕ್ಕಿನೊಳಗಿಟ್ಟ. ಮಾವ ಹೇಳಿದ್ದನ್ನು ಮಾಡುವವರು. ಮಕ್ಕಳಿಲ್ಲದ ಆ ಕೋಣೆಯನ್ನು ನೆನೆದು ಅವನಿಗೆ ಅಂದು ಅನ್ನ ಸೇರಲಿಲ್ಲ. 'ಕಾ ಗುರೂ' ಎನ್ನುವವರಾದರೂ ಸರಿ, ಮನೆಗೆ ಬಂದಾಗ ಕೂಗುವವರೊಬ್ಬರು ಬೇಕು.

ನೋಟ್‌ಬುಕ್ಕಿನ ಮೊದಲ ಸ್ಥಾನ ಹನುಮಾನ್ ಘಾಟಿನ ಸುಬೋಧ ಬಾಲ ವಿದ್ಯಾಲಯಕ್ಕೆ ಸಲ್ಲುತ್ತಿತ್ತು. ಅಲ್ಲಿನ ಮುಖ್ಯಸ್ಥೆ ಮಿಶ್ರಾ ಅವರನ್ನು ಇಡೀ ಮೊಹಲ್ಲಾ 'ಬಡೀ ಬಹನ್‌ಜೀ', ದೊಡ್ಡಕ್ಕ, ಎಂದು ಕರೆಯುತ್ತಿತ್ತು. ಗೂಳಿಗಳೂ ಅವರಿಗೆ ದಾರಿ ಬಿಡುತ್ತಿದ್ದವು. ಸುಬ್ರಹ್ಮಣ್ಯ ಕೈಮುಗಿದು ನಿಂತಾಗ ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಮನೆ ಎಲ್ಲಿ?"

"ಚೌಕ್, ಬಹನ್‌ಜೀ."

"ನಮ್ಮಲ್ಲಿ ಈ ಮೊಹಲ್ಲಾದ ಮಕ್ಕಳಿಗೆ ಮಾತ್ರ ಜಾಗ. ಅದೂ ಖಾಯಂ ಇರುವವರಿಗೆ. ನೀವು ದಕ್ಷಿಣದವರು ಬರುತ್ತೀರಿ, ತಂಬಿಗೆಗೆ ಗಂಗಾಜಲ ತುಂಬಿಕೊಳ್ಳುತ್ತೀರಿ, ಹೋಗುತ್ತೀರಿ. ವರ್ಷದ ಮಧ್ಯೆ ನನ್ನ ಬೆಂಚು ಖಾಲಿ. ಇಲ್ಲಿ ಮನೆ ಮಾಡಿ, ಇಲ್ಲೇ ಇರುತ್ತೇನೆ ಅಂತ ಬರವಣಿಗೆಯಲ್ಲಿ ತನ್ನಿ. ಹದಿನೈದು ದಿನ ಟೈಮು."

ಹನುಮಾನ್ ಘಾಟಿನಲ್ಲಿ ಹದಿನೈದು ದಿನದಲ್ಲಿ ಮನೆ ಸಿಗುವುದೆಂದರೆ ವಿಶ್ವನಾಥನ ಗುಡಿಯಲ್ಲಿ ಸೋಮವಾರ ಕೂರಲು ಜಾಗ ಸಿಕ್ಕಿದಂತೆ. ಸುಬ್ರಹ್ಮಣ್ಯ ಹನ್ನೊಂದು ದಿನ ಅಲೆದ. ಖಾಲಿಯಿದ್ದದ್ದು ಒಂದೇ ಕೋಣೆ. ತಿಪ್ಪಾಜಮ್ಮನವರ ಕಾಶೀವಾಸ ಗೃಹದಲ್ಲಿ, ನೆಲಮಾಳಿಗೆ, ಶಾಲೆಗೆ ನಲವತ್ತೆರಡು ಹೆಜ್ಜೆ. ಅಲ್ಲಿದ್ದ ಅಜ್ಜಿ ಹಿಂದಿನ ಸೋಮವಾರವಷ್ಟೇ ವಿಶ್ವನಾಥನ ಪಾದ ಸೇರಿದ್ದರು.

ಈ ಮನೆಯ ವಿಚಾರ ಒಂದು ಮಾತು ಹೇಳಬೇಕು. ಕಾಶಿಯಲ್ಲಿ ಸತ್ತರೆ ಮೋಕ್ಷವೆಂದು ನಂಬಿ ಊರು ಬಿಟ್ಟು ಬರುವ ಕನ್ನಡದ ಮುದುಕ ಮುದುಕಿಯರಿಗಾಗಿ ತಿಪ್ಪಾಜಮ್ಮ ಎಂಬ ಪುಣ್ಯಾತ್ಮರು ಕಟ್ಟಿಸಿದ್ದು. ಬಾಡಿಗೆ ಇಲ್ಲ. ಆದರೆ ಇರುವವರು ಕ್ಷೇತ್ರ ಸಂನ್ಯಾಸ ತೆಗೆದುಕೊಂಡಿರಬೇಕು. ಎಂದರೆ, ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸ್ಸಿ, ಪೂರ್ವಕ್ಕೆ ಗಂಗೆ, ಈ ನದಿಗಳ ಆಚೆ ಪ್ರಾಣವಿರುವ ತನಕ ಕಾಲಿಡುವುದಿಲ್ಲವೆಂದು ಗಂಗೆಯಲ್ಲಿ ನಿಂತು ಸಂಕಲ್ಪ ಮಾಡಿ, ಮೇಲೆ ಮುಚ್ಚಳಿಕೆಗೆ ರುಜು ಹಾಕಬೇಕು. ಆಗ ಅಲ್ಲಿ ಹನ್ನೊಂದು ಮಂದಿ ಅಜ್ಜಿಯರಿದ್ದರು. ಉಸ್ತುವಾರಿಗೆ ವೆಂಕಟರಾಮಯ್ಯ ಎಂಬ ಮ್ಯಾನೇಜರು. ಅವರಿಗೆ ದೇವರಿಗಿಂತ ನಿಯಮಾವಳಿಯ ಮೇಲೆ ಭಕ್ತಿ ಹೆಚ್ಚು.

"ವಯಸ್ಸು?" ಎಂದರು ವೆಂಕಟರಾಮಯ್ಯ.

"ಮೂವತ್ತಾರು."

ವೆಂಕಟರಾಮಯ್ಯ ನಿಯಮಾವಳಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದರು. "ವಯಸ್ಸಿನ ಮಾತು ಇದರಲ್ಲಿ ಇಲ್ಲ ಕಣಪ್ಪ. ಹೆಂಡತಿ?"

"ಇದ್ದಾಳೆ. ಎರಡು ಮಕ್ಕಳೂ ಇವೆ."

ಮತ್ತೊಮ್ಮೆ ಓದಿದರು. "ಮಕ್ಕಳು ಕೂಡದು ಅಂತಾನೂ ಇಲ್ಲ. ಸಾಯೋಕೆ ಬರೋರು ಮಕ್ಕಳನ್ನ ಎತ್ಕೊಂಡು ಬರ್ತಾರೆ ಅಂತ ಬರೆದೋರಿಗೆ ಹೊಳೆದಿಲ್ಲ. ಇಲ್ಲ ಅಂದ್ಮೇಲೆ ಇಲ್ಲ. ನಾಳೆ ಬೆಳಿಗ್ಗೆ ಸ್ನಾನ ಮಾಡ್ಕೊಂಡು ಬಾ."

ಹೀಗೆ ಸುಬ್ರಹ್ಮಣ್ಯ, ರೇಷ್ಮೆ ಗದ್ದಿಯ ಗುಮಾಸ್ತ, ಮಕ್ಕಳನ್ನು ಒಂದನೇ ಕ್ಲಾಸಿಗೆ ಸೇರಿಸುವ ಸಲುವಾಗಿ ಸೊಂಟಮಟ್ಟ ನೀರಿನಲ್ಲಿ ನಿಂತು ಪ್ರಪಂಚದ ಉಳಿದ ಭಾಗವನ್ನೆಲ್ಲ ತ್ಯಜಿಸಿದ. ಮೂಕಾಂಬಿಕಾ ಮುಚ್ಚಳಿಕೆಯನ್ನು ಎರಡು ಸಲ ಓದಿ ಕೇಳಿದಳು: "ಅಲ್ಲಾ ಅಂದ್ರೆ, ಇನ್ನು ನನ್ನ ಚಿಕ್ಕಪ್ಪನ ಮಗಳ ಮದುವೆಗೆ ಬರಲ್ವಾ?"

"ಬರೋ ಹಾಗಿಲ್ಲ."

"ಅದೊಂದು ಒಳ್ಳೇದಾಯ್ತು ಬಿಡಿ. ಹೋದ್ಸಲ ಬೀಗರ ಪಂಕ್ತೀಲಿ ನೀವು ಆಡಿದ ಮಾತು ಇನ್ನೂ ಯಾರೂ ಮರೆತಿಲ್ಲ."

ಅಜ್ಜಿಯರು ಹೊಸಬನನ್ನು ನೋಡಲು ಸಾಲಾಗಿ ಬಂದರು. ಎಲ್ಲರಿಗೂ ಹಿರಿಯರು ಸತ್ಯಮ್ಮ. ಹತ್ತೊಂಬತ್ತು ವರ್ಷದಿಂದ ಮೋಕ್ಷಕ್ಕೆ ಕಾಯುತ್ತಿದ್ದವರು.

"ಏನು ಕಾಯಿಲೆಯಪ್ಪ?"

"ಏನೂ ಇಲ್ಲಮ್ಮ. ಚೆನ್ನಾಗಿದೀನಿ."

"ಮೊದಮೊದಲು ಎಲ್ಲರೂ ಹಾಗೇ ಹೇಳೋದು. ಎಷ್ಟು ದಿನ ಅಂತ ಹೇಳಿದಾರೆ?"

ಮನೆಯಲ್ಲಿ ಎಷ್ಟು ದಿನ ಇರುತ್ತೀಯ ಎಂದು ಕೇಳುತ್ತಿದ್ದಾರೆಂದು ತಿಳಿದು ಸುಬ್ರಹ್ಮಣ್ಯ ಪ್ರಾಮಾಣಿಕವಾಗಿ ಉತ್ತರಿಸಿದ. "ಹುಡುಗ ಐದನೇ ಕ್ಲಾಸು ಮುಗಿಸೋ ತನಕ ಇದ್ದರೆ ಸಾಕು ನನಗೆ."

ಸತ್ಯಮ್ಮನವರ ಕಣ್ಣು ತುಂಬಿತು. ಉಳಿದ ಹತ್ತು ಮಂದಿಯ ಕಣ್ಣೂ ಅವರ ಹಿಂದೆಯೇ ತುಂಬಿತು. "ಇರ್ತೀಯ, ಇರ್ತೀಯ. ನಂಗೆ ಮೂರು ತಿಂಗಳು ಅಂದಿದ್ದ ಡಾಕ್ಟರು ಅವನೇ ಹೋಗಿ ಹದಿನೇಳು ವರ್ಷ ಆಯ್ತು" ಎಂದು ಅವನ ತಲೆ ಸವರಿದರು.

ಆ ದಿನದಿಂದ ಹನ್ನೊಂದು ಒಲೆಗಳಿಂದ ಅವನಿಗೆ ಪಥ್ಯ ಬರತೊಡಗಿತು. ಒಬ್ಬರು ಮೆಣಸಿನ ಸಾರು, ಒಬ್ಬರು ಗಸಗಸೆ ಪಾಯಸ, ಒಬ್ಬರು ತುಪ್ಪದಲ್ಲಿ ಹುರಿದ ಹೆಸರುಬೇಳೆ ಪೊಂಗಲು. ಸಾಯಲು ಬಂದವರು ಕೊಟ್ಟದ್ದನ್ನು ಬೇಡವೆನ್ನಬಾರದೆಂಬ ಸೌಜನ್ಯದಿಂದ ಅವನು ಎಲ್ಲವನ್ನೂ ತಿಂದ. ತಿಂಗಳೊಳಗೆ ಅಂಗಿಯ ಗುಂಡಿಗಳು ಕೂಡಲು ಒಪ್ಪಲಿಲ್ಲ. "ಬಾವು ಬರ್ತಿದೆ ಪಾಪ" ಎಂದು ಅಜ್ಜಿಯರು ಪಿಸುಗುಟ್ಟಿಕೊಂಡು ತುಪ್ಪ ಹೆಚ್ಚಿಸಿದರು.

ಶಾಲೆಗೆ ಬೇಕಾದ ಬರವಣಿಗೆಯನ್ನು ಗಡುವಿನೊಳಗೇ ವೆಂಕಟರಾಮಯ್ಯ ಶುದ್ಧ ಹಿಂದಿಯಲ್ಲಿ ಬರೆದು ಮೊಹರು ಒತ್ತಿದರು. 'ಈ ಮಹಾಶಯರು ಮರಣಪರ್ಯಂತ ಇದೇ ಮನೆಯಲ್ಲಿ ವಾಸಿಸತಕ್ಕವರು. ಇಲ್ಲಿಂದ ಹರಿಶ್ಚಂದ್ರ ಘಾಟಿನ ಸ್ಮಶಾನಕ್ಕಲ್ಲದೆ ಬೇರೆ ಊರಿಗೆ ಹೋಗತಕ್ಕವರಲ್ಲ.' ಖಾಯಂ ವಾಸಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಸರ್ಕಾರದ ಬಳಿಯೂ ಇರಲಾರದು. ಆದರೆ ತಿಪ್ಪಾಜಮ್ಮನವರ ಮನೆಗೆ ಜನ ಯಾಕೆ ಬರುತ್ತಾರೆಂಬುದು ಆ ಮೊಹಲ್ಲಾದ ಗೂಳಿಗಳಿಗೂ ಗೊತ್ತು. ಬಡೀ ಬಹನ್‌ಜೀ ಕಾಗದ ಓದಿ, ಕನ್ನಡಕ ತೆಗೆದು ಒರೆಸಿಕೊಂಡರು.

"ಇಷ್ಟು ಚಿಕ್ಕ ವಯಸ್ಸಿಗೆ!"

"ಮಕ್ಕಳ ಸಲುವಾಗಿ ಬಹನ್‌ಜೀ" ಎಂದ ಸುಬ್ರಹ್ಮಣ್ಯ ವಿನಯದಿಂದ.

ಅವರು ಇನ್ನೊಂದು ಮಾತು ಕೇಳದೆ ವಸುಮತಿ, ಸೋಮು ಇಬ್ಬರ ಹೆಸರನ್ನೂ ಹಾಜರಿ ಪುಸ್ತಕದಲ್ಲಿ ಬರೆದುಕೊಂಡರು. ಮುಖ್ಯಸ್ಥೆ ಇಷ್ಟು ಮೃದು ಹೃದಯದವರೆಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕೆಂದು ಯೋಚಿಸುತ್ತ ಸುಬ್ರಹ್ಮಣ್ಯ ಮನೆಗೆ ಬಂದ.

ಗದ್ದಿಯಲ್ಲೂ ಸುದ್ದಿ ಮುಟ್ಟಿತು. ಮೊಗಲ್‌ಸರಾಯಿಗೆ ಹೋಗಿ ಪಾರ್ಸೆಲ್ ಬಿಡಿಸಿಕೊಂಡು ಬಾ ಎಂದ ಸೇಠನಿಗೆ, "ಗಂಗೆ ದಾಟುವ ಹಾಗಿಲ್ಲ ಸೇಠ್‌ಜೀ, ವ್ರತ" ಎಂದು ಅಂಜುತ್ತಲೇ ಹೇಳಿದ. ಏಳು ವರ್ಷದಿಂದ ಅವನನ್ನು 'ಓಯ್ ಮದ್ರಾಸಿ' ಎನ್ನುತ್ತಿದ್ದ ಸೇಠ ಗದ್ದಿಯಿಂದ ಇಳಿದು ಬಂದು ಕಾಲು ಮುಟ್ಟಿದ. ಆ ಜೂನ್ ಜುಲೈ ಬಿಸಿಲಲ್ಲಿ ಪಾರ್ಸೆಲ್ ತರಲು ಸೇಠನ ಖಾಸಾ ಭಾವಮೈದುನ ಹೋದ. ವೈರಾಗ್ಯದಲ್ಲಿ ಇಷ್ಟೊಂದು ಅನುಕೂಲವಿದೆಯೆಂದು ಸುಬ್ರಹ್ಮಣ್ಯನಿಗೆ ಮೊದಲೇ ಯಾರೂ ಹೇಳಿರಲಿಲ್ಲ.

ಶಾಲೆಯಲ್ಲಿ ಬಡೀ ಬಹನ್‌ಜೀ ದಿನವೂ ಪ್ರಾರ್ಥನೆ ಮುಗಿದ ಮೇಲೆ ವಸುಮತಿಯನ್ನು ಪಕ್ಕಕ್ಕೆ ಕರೆದು ತಂದೆ ಹೇಗಿದ್ದಾರೆಂದು ಕೇಳುತ್ತಿದ್ದರು. ಅಜ್ಜಿಯರ ಮಾತು ಕೇಳಿಕೊಂಡು ಬೆಳೆಯುತ್ತಿದ್ದ ವಸುಮತಿ ನಿರ್ವಿಕಾರವಾಗಿ, "ಅಭೀ ತಕ್ ನಹೀ ಮರೇ" ಎನ್ನುತ್ತಿದ್ದಳು. ಇನ್ನೂ ಸತ್ತಿಲ್ಲ. ಸುಳ್ಳೇನಲ್ಲವಲ್ಲ.

ಇನ್ನು ಕಾಳಮ್ಮನ ಕಾರ್ಡು. ಕಾಳಮ್ಮ ಹನ್ನೊಂದು ಮಂದಿಯಲ್ಲಿ ಒಬ್ಬಳು, ತಿಪಟೂರಿನವಳು. ಮನೆಗೊಬ್ಬ ಗುಮಾಸ್ತ ಬಂದ ಮೇಲೆ ಅಜ್ಜಿಯರ ಕಾಗದಗಳನ್ನೆಲ್ಲ ಅವನೇ ಬರೆದುಕೊಡುತ್ತಿದ್ದ. ಒಂದು ಸಂಜೆ ಕಾಳಮ್ಮ ಊರಿನ ತಂಗಿಗೆ ಕಾರ್ಡು ಹೇಳಿ ಬರೆಸಿದಳು. "ನಮ್ಮೂರ ಹೆಡ್‌ಮಾಸ್ಟ್ರು ಲಕ್ಷ್ಮೀನರಸಯ್ಯನೋರ ಅಳಿಯ ನಮ್ಮನೇಗೇ ಬಂದವ್ರೆ. ಪಾಪ ಚಿಕ್ಕೋನು. ಮೈಯೆಲ್ಲ ಊದ್ಕೊಂಡೈತೆ. ಊಟ ಮಾತ್ರ ಸೇರ್ತದೆ. ಹುಡುಗ ಐದ್ನೇ ಕ್ಲಾಸ್ ಮುಗ್ಸೋಗಂಟ ಉಳ್ಕೊಂಡ್ರೆ ಸಾಕು ಅಂತ ದೇವ್ರನ್ನ ಕೇಳ್ಕೊತಾವ್ನೆ." ಏಳು ವರ್ಷ ಸೇಠ ಹೇಳಿದ್ದನ್ನು ಹೇಳಿದ ಹಾಗೇ ಬರೆದ ಕೈ ಅದು. ಕಿವಿಯಿಂದ ನೇರವಾಗಿ ಬೆರಳಿಗೆ ಹೋಗುತ್ತಿತ್ತು, ನಡುವೆ ತಲೆಯನ್ನು ಮುಟ್ಟುತ್ತಿರಲಿಲ್ಲ. ಒಂದಕ್ಷರ ಬಿಡದೆ ಬರೆದು, ವಿಳಾಸ ಬರೆದು, ಡಬ್ಬಿಗೆ ಹಾಕಿಯೂ ಬಂದ.

ಮುಂದಿನ ಅಮಾವಾಸ್ಯೆಯ ಹಿಂದಿನ ದಿನ ಸತ್ಯಮ್ಮನವರ ಯಜಮಾನರ ತಿಥಿ. ಸುಬ್ರಹ್ಮಣ್ಯ ಹದಿನಾಲ್ಕು ವಡೆ ತಿಂದ. ಅಮಾವಾಸ್ಯೆಗೆ ಗದ್ದಿಗೆ ರಜ, ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಟಾಗ ಅವನು ಗೋಡೆಗೆ ಮುಖ ಮಾಡಿ ಮಲಗಿಯೇ ಇದ್ದ. ಶಾಲೆಯಲ್ಲಿ ಬಡೀ ಬಹನ್‌ಜೀ ಎಂದಿನಂತೆ ಕೇಳಿದರು. ವಸುಮತಿ ಹೇಳಿದಳು: "ಆಜ್ ಬಾಬೂಜೀ ಉಠೇ ಹೀ ನಹೀ." ಇವತ್ತು ಅಪ್ಪ ಏಳಲೇ ಇಲ್ಲ. ಅಷ್ಟು ಹೇಳಿ ಆಟಕ್ಕೆ ಓಡಿದಳು.

ಬಡೀ ಬಹನ್‌ಜೀ ತಾವೇ ಹೋಗಿ ಗಂಟೆ ಬಾರಿಸಿದರು. ಶಾಲೆಗೆ ರಜೆ ಸಾರಿದರು. ಚೆಂಡುಹೂವಿನ ದೊಡ್ಡ ಹಾರ ತರಿಸಿ, ಇಬ್ಬರು ಮೇಡಮ್ಮುಗಳನ್ನೂ ಒಂದನೇ ಕ್ಲಾಸಿನ ಮಕ್ಕಳನ್ನೂ ಸಾಲಾಗಿ ನಿಲ್ಲಿಸಿಕೊಂಡು, ನಲವತ್ತೆರಡು ಹೆಜ್ಜೆ ಮೌನವಾಗಿ ನಡೆದರು.

ಅದೇ ಹೊತ್ತಿಗೆ ಗಲ್ಲಿಯ ತುದಿಯಲ್ಲಿ ರಿಕ್ಷಾದಿಂದ ಲಕ್ಷ್ಮೀನರಸಯ್ಯನವರು ಇಳಿದರು. ಕಾಳಮ್ಮನ ತಂಗಿ ಕಾರ್ಡನ್ನು ಅವರ ಕೈಗೆ ತಲುಪಿಸಿದ್ದಳು. ಮೂರು ದಿನ ರೈಲಿನಲ್ಲಿ ಕಣ್ಣು ಮುಚ್ಚದೆ ಬಂದವರು, ಒಂದು ಕೈಯಲ್ಲಿ ಟ್ರಂಕು, ಒಂದು ಕೈಯಲ್ಲಿ ಛತ್ರಿ. ಬಾಗಿಲ ಮುಂದೆ ಹಾರ ಹಿಡಿದ ಹೆಂಗಸರು, ತಲೆ ತಗ್ಗಿಸಿ ನಿಂತ ಮಕ್ಕಳ ಸಾಲು. ಆ ಸಾಲಿನಲ್ಲಿ ತಮ್ಮ ಮೊಮ್ಮಕ್ಕಳು. ಟ್ರಂಕು ಕೈಜಾರಿತು.

"ಅಯ್ಯೋ ನನ್ನಪ್ಪಾ! ತಡವಾಗಿ ಬಂದ್ನಲ್ಲೋ! ನಿನ್ನನ್ನ ದಡ್ಡ ಅಂದ್ನಲ್ಲೋ! ಚಿನ್ನದಂಥ ಅಳಿಯ, ಬಾಯಿಗೆ ಬಂದ ಹಾಗೆ ಬರೆದ್ನಲ್ಲೋ!"

ಅವರ ಅಳು ಕೇಳಿ ಬಡೀ ಬಹನ್‌ಜೀ ಅತ್ತರು. ಮೇಡಮ್ಮುಗಳು ಅತ್ತರು. ಹನ್ನೊಂದು ಬಾಗಿಲುಗಳಿಂದ ಹನ್ನೊಂದು ಅಜ್ಜಿಯರು ಹೊರಬಂದು, ಯಾರು ಹೋದರೆಂದು ತಮ್ಮತಮ್ಮಲ್ಲೇ ಎಣಿಸಿ ನೋಡಿ, ಹನ್ನೊಂದೂ ಸರಿಯಿದ್ದುದರಿಂದ ಸುಬ್ರಹ್ಮಣ್ಯನೇ ಇರಬೇಕೆಂದು ತೀರ್ಮಾನಿಸಿ ಅತ್ತರು.

ಈ ಗದ್ದಲಕ್ಕೆ ಎಚ್ಚರವಾಗಿ ಸುಬ್ರಹ್ಮಣ್ಯ ಹೊರಬಂದ. ಹೆಗಲ ಮೇಲೆ ಟವೆಲು, ಬಾಯಲ್ಲಿ ಬೇವಿನ ಕಡ್ಡಿ, ಪಂಚೆಯ ಮೇಲೆ ದುಂಡಗಿನ ಹೊಟ್ಟೆ.

"ಯಾರು ಹೋದ್ರು?" ಎಂದು ಕೇಳಿದ. ಸೋಮು ಸಾಲಿನಿಂದ "ಕಾ ಗುರೂ!" ಎಂದು ಸಂತೋಷದಿಂದ ಕೂಗಿದ.

ಬಡೀ ಬಹನ್‌ಜೀ ಕೈಯಲ್ಲಿದ್ದ ಹಾರವನ್ನೊಮ್ಮೆ, ಅವನ ಹೊಟ್ಟೆಯನ್ನೊಮ್ಮೆ ನೋಡಿದರು. ಲಕ್ಷ್ಮೀನರಸಯ್ಯನವರು ಜೇಬಿನಿಂದ ಕಾರ್ಡು ತೆಗೆದರು.

"ಇದು ಯಾರ ಅಕ್ಷರ?"

"ನನ್ನದೇ ಮಾವ."

"ನಿನ್ನ ಸಾವಿನ ಸುದ್ದೀನ ನೀನೇ ಬರೆದು ಕಳಿಸಿದೀಯ?"

"ಕಾಳಮ್ಮ ಹೇಳಿದ್ರು, ಬರೆದೆ."

ಲಕ್ಷ್ಮೀನರಸಯ್ಯನವರು ಮೇಷ್ಟ್ರಾಗಿದ್ದಾಗ ಎಂಥೆಂಥ ದಡ್ಡರನ್ನೋ ಕಂಡಿದ್ದರು. ಇಂಥವನನ್ನು ಕಂಡಿರಲಿಲ್ಲ. ಬಡೀ ಬಹನ್‌ಜೀಗೆ ಈಗ ಅಳು ಹೋಗಿ ಕೋಪ ಬಂತು. ಸಾಯುವವನ ಮಕ್ಕಳೆಂದು ಎರಡು ಜಾಗ ಕೊಟ್ಟೆ, ಮೊಹಲ್ಲಾದ ಎಂಬತ್ತು ಮಕ್ಕಳು ಕಾಯುತ್ತಿದ್ದಾರೆ, ಈತ ಕೆಲಸವಾದ ಮೇಲೆ ಜಾಗ ಖಾಲಿ ಮಾಡುವ ಆಸಾಮಿ, ನಾಳೆಯೇ ಇಬ್ಬರ ಹೆಸರನ್ನೂ ಹೊಡೆದುಹಾಕುತ್ತೇನೆ ಎಂದರು. ಗದ್ದಲ ಕೇಳಿ ಘಾಟಿನಿಂದ ಓಡಿಬಂದಿದ್ದ ಮೂಕಾಂಬಿಕಾ ಅದನ್ನು ತಂದೆಗೆ ಕನ್ನಡದಲ್ಲಿ ಹೇಳಿದಳು.

"ಹೊಡೆದುಹಾಕಲಿ!" ಎಂದರು ಲಕ್ಷ್ಮೀನರಸಯ್ಯ. "ಸಾಮಾನು ಕಟ್ಟು ಮೂಕಾಂಬಿಕೆ. ಸಂಜೆ ಗಾಡಿಗೆ ಮಕ್ಕಳನ್ನ ಕರ್ಕೊಂಡು ಹೊರಡೋಣ. ಇವನು ಇಲ್ಲೇ ಹೊಟ್ಟೆ ಬೆಳೆಸ್ಕೊಂಡಿರಲಿ."

ಸುಬ್ರಹ್ಮಣ್ಯನ ಬಾಯಿಂದ ಬೇವಿನ ಕಡ್ಡಿ ಬಿತ್ತು. ಅವನಿಗೆ ಅಳು ಬಂತು, ಮುಚ್ಚಿಟ್ಟುಕೊಳ್ಳಲೂ ಇಲ್ಲ. "ನಾನು ಸುಳ್ಳು ಹೇಳಿಲ್ಲ ಮಾವ. ಗಂಗೇಲಿ ನಿಂತು ಹೇಳಿದೀನಿ. ಮಕ್ಕಳು ಇಲ್ಲಿದ್ರೆ ಸಾಕು, ನಾನು ಸಾಯೋ ತನಕ ಎಲ್ಲಿಗೂ ಹೋಗಲ್ಲ."

"ನಿನಗೇನೋ ಗೊತ್ತು ಕ್ಷೇತ್ರ ಸಂನ್ಯಾಸ!" ಮಾವನವರ ಛತ್ರಿ ಆಕಾಶಕ್ಕೆ ಎದ್ದಿತು. ಎದುರಿಗೆ ಇಷ್ಟೊಂದು ಜನ ಸಾಲಾಗಿ ನಿಂತು ಬಹಳ ವರ್ಷವಾಗಿತ್ತು. ಧ್ವನಿ ತಾನಾಗಿಯೇ ತರಗತಿಯ ಧ್ವನಿಯಾಯಿತು. "ಅದಕ್ಕೆ ವಯಸ್ಸಾಗಿರಬೇಕು. ಓದಿರಬೇಕು. ಹೆಂಡತಿ ಮನೆ ತೋಟ ಎಲ್ಲ ತೃಣಸಮಾನ ಅನ್ನೋ ವೈರಾಗ್ಯ ಇರಬೇಕು. ಸೀರೆ ಗುಮಾಸ್ತನಿಗಲ್ಲ, ಅದು ನನ್ನಂಥವನಿಗೆ ಹೇಳಿದ್ದು!"

"ಸರಿ, ಹಾಗಾದ್ರೆ ತಗೊಳ್ಳಿ" ಎಂದರು ಸತ್ಯಮ್ಮ.

"ಏನನ್ನ?"

"ಸಂನ್ಯಾಸಾನ. ನಿಮ್ಮಂಥವರಿಗೇ ಹೇಳಿದ್ದು ಅಂದ್ರಲ್ಲ. ಗಂಗೆ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದಾಳೆ."

ಲಕ್ಷ್ಮೀನರಸಯ್ಯನವರು ಛತ್ರಿ ಇಳಿಸಿದರು. "ಅಲ್ಲ... ಊರಲ್ಲಿ ತೋಟ ಇದೆ. ಕಾಯಿ ಕೀಳಿಸೋದಿದೆ."

"ತೃಣ ಅಂದ್ರಲ್ಲ ಸ್ವಾಮಿ ಈಗ್ತಾನೆ?" ಎಂದಳು ಕಾಳಮ್ಮ. "ನಾನು ಓದಿಲ್ಲ, ಬರೆದಿಲ್ಲ. ನಾನೇ ತಗೊಂಡಿವ್ನಿ."

ಹನ್ನೊಂದು ಮಂದಿ ಹೆಂಗಸರು, ಎಲ್ಲ ಬಿಟ್ಟು ಬಂದವರು, ಅವರನ್ನೇ ನೋಡುತ್ತ ನಿಂತಿದ್ದರು. ಪಕ್ಕದಲ್ಲಿ ಇನ್ನೊಂದು ಶಾಲೆಯ ಮುಖ್ಯಸ್ಥೆ. ಮುಂದೆ ಒಂದನೇ ಕ್ಲಾಸು. ನಲವತ್ತು ವರ್ಷದಲ್ಲಿ ಯಾವ ತರಗತಿಯ ಎದುರೂ ಲಕ್ಷ್ಮೀನರಸಯ್ಯನವರು 'ನನ್ನಿಂದಾಗದು' ಎಂದವರಲ್ಲ. ವೆಂಕಟರಾಮಯ್ಯನವರು ಅಷ್ಟರಲ್ಲಾಗಲೇ ಮುಚ್ಚಳಿಕೆ, ಮಸಿ, ಲೇಖನಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ಕೊಡಿ ಇಲ್ಲಿ!" ಎಂದು ಕಸಿದುಕೊಂಡು, ಮುಚ್ಚಳಿಕೆಯಲ್ಲಿದ್ದ ಮೂರು ಕಾಗುಣಿತದ ತಪ್ಪುಗಳನ್ನು ಮೊದಲು ತಿದ್ದಿ, ಕೆಳಗೆ ದೊಡ್ಡದಾಗಿ ರುಜು ಹಾಕಿದರು. ಅಜ್ಜಿಯರು ಅವರನ್ನು ಹಾಗೇ ಮೆಟ್ಟಿಲಿಳಿಸಿ ಗಂಗೆಗೆ ಕರೆದೊಯ್ದರು. ಪುರೋಹಿತರು ಸಿದ್ಧವಾಗಿಯೇ ಸಿಕ್ಕಿದರು; ಆ ಘಾಟಿನಲ್ಲಿ ಸಂಕಲ್ಪಕ್ಕೆ ಪುರೋಹಿತರ ಬರ ಎಂದೂ ಇಲ್ಲ.

ಒದ್ದೆ ಪಂಚೆಯಲ್ಲಿ ಮೇಲೆ ಬಂದ ಮೇಲೆ ಅವರಿಗೆ ನೆನಪಾಯಿತು. "ಸಂಜೆ ಗಾಡಿ..."

"ಯಾವ ಗಾಡಿ?" ಎಂದರು ವೆಂಕಟರಾಮಯ್ಯ. "ತಾವಿನ್ನು ಗಂಗೆ ದಾಟೋ ಹಾಗಿಲ್ಲವಲ್ಲ. ರಿಟರ್ನ್ ಟಿಕೆಟ್ ಇದ್ರೆ ಕೊಡಿ, ವಾಪಸು ಮಾಡಿಸ್ತೀನಿ."

ಲಕ್ಷ್ಮೀನರಸಯ್ಯನವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬಡೀ ಬಹನ್‌ಜೀ ಎಲ್ಲವನ್ನೂ ಮೂಕಾಂಬಿಕೆಯಿಂದ ತಿಳಿದುಕೊಂಡರು. ಒಂದೇ ಮನೆಯಲ್ಲಿ ಇಬ್ಬರ ಆಮರಣ ಮುಚ್ಚಳಿಕೆ, ಅದರಲ್ಲೊಬ್ಬರು ನಲವತ್ತು ವರ್ಷದ ಮೇಷ್ಟ್ರು. ಇಷ್ಟು ಖಾಯಂ ಆದ ಕುಟುಂಬ ನನ್ನ ಶಾಲೆಯಲ್ಲಿ ಇನ್ನೊಂದಿಲ್ಲ ಎಂದು ಒಪ್ಪಿ, ತಂದ ಹಾರವನ್ನು ವ್ಯರ್ಥ ಮಾಡಬಾರದೆಂದು ಲಕ್ಷ್ಮೀನರಸಯ್ಯನವರ ಕೊರಳಿಗೆ ಹಾಕಿದರು. ನಾಳೆ ಮಕ್ಕಳು ಹೊತ್ತಿಗೆ ಸರಿಯಾಗಿ ಬರಲಿ ಎಂದು ಹೇಳಿ ಹೋದರು.

ಮಾವನವರಿಗೆ ಬೇರೆ ಕೋಣೆ ಬೇಕೆಂದು ಸುಬ್ರಹ್ಮಣ್ಯ ವೆಂಕಟರಾಮಯ್ಯನವರನ್ನು ಗುಟ್ಟಾಗಿ ಕೇಳಿದ.

"ಯಾರಾದ್ರೂ ಹೋದ್ರೆ ಕೊಡಬಹುದು" ಎಂದರು ಅವರು. "ಆದ್ರೆ ನಿನ್ನ ಮಕ್ಕಳು ಬಂದ ಮೇಲೆ ಈ ಮನೇಲಿ ಯಾರಿಗೂ ಹೋಗೋ ಆತುರ ಕಾಣ್ತಿಲ್ಲ ಕಣಯ್ಯ. ಸತ್ಯಮ್ಮನೋರು ಸೋಮೂ ಉಪನಯನ ನೋಡ್ಕೊಂಡು ಹೋಗ್ತೀನಿ ಅಂತಿದಾರೆ."

ಮಧ್ಯಾಹ್ನ ಊಟವಾಯಿತು. ಮೂಕಾಂಬಿಕಾ ಕಟ್ಟಬೇಕಾಗಿ ಬಂದೀತೆಂದು ತೆಗೆದಿಟ್ಟಿದ್ದ ಮಕ್ಕಳ ಬಟ್ಟೆಗಳನ್ನು ಮತ್ತೆ ಗೂಟಕ್ಕೆ ಹಾಕಿದಳು. ಅಪ್ಪ ಒಂದು ಕಡೆ, ಗಂಡ ಒಂದು ಕಡೆ, ಇನ್ನು ಸಾಯುವ ತನಕ ಇಬ್ಬರೂ ಅವಳನ್ನು ಬಿಟ್ಟು ಎಲ್ಲಿಗೂ ಹೋಗುವ ಹಾಗಿರಲಿಲ್ಲ. ಅವಳಿಗೆ ನಗು ತಡೆಯಲಾಗದೆ ಸೆರಗನ್ನು ಬಾಯಿಗೆ ಒತ್ತಿಕೊಂಡು ನೀರು ತರುವ ನೆಪದಲ್ಲಿ ಹೊರಗೆ ಹೋದಳು.

ಕೋಣೆಯಲ್ಲಿ ಚಾಪೆ ಒಂದೇ. ಲಕ್ಷ್ಮೀನರಸಯ್ಯನವರು ಅದರ ಮೇಲೆ ಕಾಲು ಚಾಚಿ, ಬಹಳ ಹೊತ್ತು ಸೂರು ನೋಡುತ್ತ ಮಲಗಿದ್ದರು. ಸುಬ್ರಹ್ಮಣ್ಯ ಬಾಗಿಲಲ್ಲೇ ನಿಂತಿದ್ದ.

"ನಿಂಗೆ ಎಷ್ಟಯ್ಯ ವಯಸ್ಸು?"

"ಮೂವತ್ತಾರು, ಮಾವ."

"ಗೊರಕೆ ಹೊಡೀತೀಯಾ?"

"ಹೊಡೀತೀನಿ."

ಮಾವನವರು ನಿಟ್ಟುಸಿರು ಬಿಟ್ಟು ಗೋಡೆಯ ಕಡೆಗೆ ಸರಿದು ಜಾಗ ಮಾಡಿದರು. "ಬಾ, ಮಲಗು. ನನಗಂತೂ ಹೋಗೋಕೆ ಬೇರೆ ಜಾಗ ಇಲ್ಲ."